ಎರಡು ಹೆಸರಿನ ದೇವತೆಯರು
(ಉಪನ್ಯಾಸದ ಪಠ್ಯ)



ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಆ ಗುಡಿಯಲ್ಲಿ ಒಂದು ಚತುರ್ಮುಖ ಲಿಂಗವಿದೆ. ಸದ್ಯೋಜಾತ, ವಾಮದೇವ, ಅಘೋರ, ತತ್ಪುರುಷ ಎಂಬುವು ಶಿವನ ನಾಲ್ಕು ಮುಖಗಳ ಹೆಸರು. ಐದನೆಯದಾದ ಈಶಾನ ಕಣ್ಣಿಗೆ ಕಾಣದು. ಒಬ್ಬನೇ ದೇವರಿಗೆ ಹಲವು ಮುಖ, ಹಲವು ಹೆಸರು ಎಂಬುದು ಈ ನೆಲದವರಿಗೆ ಹೊಸ ಮಾತಲ್ಲ. ಆದರೆ ಬೇರೆ ಬೇರೆ ಜನ, ಬೇರೆ ಬೇರೆ ನುಡಿಗಳಲ್ಲಿ ಪೂಜಿಸುತ್ತಿದ್ದ ಇಬ್ಬರು ದೇವತೆಗಳು ಒಂದೇ ಮೂರ್ತಿಯಲ್ಲಿ ಸೇರಿದರೆ ಏನಾಗುತ್ತದೆ? ಯಾರು ಉಳಿಯುತ್ತಾರೆ, ಯಾರು ಮರೆಯಾಗುತ್ತಾರೆ?

ಇದಕ್ಕೆ ಉತ್ತರ ಹುಡುಕಲು ಮೊದಲು ಇಂಗ್ಲೆಂಡಿನ ಬಾತ್ ಪಟ್ಟಣಕ್ಕೆ ಹೋಗಬೇಕು. ಅಲ್ಲಿ ನೆಲದಾಳದಿಂದ ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಹೆಚ್ಚು ಬಿಸಿನೀರು ಉಕ್ಕುತ್ತದೆ. ಅದರ ಶಾಖ ಸುಮಾರು 46 ಡಿಗ್ರಿ. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯ ಬ್ರಿಟನ್ನಿಗೆ ಬರುವ ಮೊದಲೇ ಅಲ್ಲಿನ ಕೆಲ್ಟ್ ಜನ ಆ ಬುಗ್ಗೆಯಲ್ಲಿ ಸುಲಿಸ್ ಎಂಬ ದೇವತೆಯನ್ನು ಕಂಡಿದ್ದರು. ರೋಮನ್ನರು ಆಕೆಯನ್ನು ಓಡಿಸಲಿಲ್ಲ. ತಮ್ಮ ವಿದ್ಯಾದೇವತೆಯಾದ ಮಿನರ್ವಾಳೊಂದಿಗೆ ಸೇರಿಸಿ 'ಸುಲಿಸ್ ಮಿನರ್ವಾ' ಎಂದು ಕರೆದರು. ಮೊದಲ ಶತಮಾನದ ಉತ್ತರಾರ್ಧದಲ್ಲಿ ಕಲ್ಲಿನ ಗುಡಿ ಕಟ್ಟಿಸಿದರು. ಊರಿಗೇ 'ಸುಲಿಸಳ ನೀರು' ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟರು.

ಇದು ರೋಮನ್ನರ ವಾಡಿಕೆ. ಜೂಲಿಯಸ್ ಸೀಸರ್ ಗಾಲ್ ದೇಶದ ದೇವರುಗಳನ್ನು ವಿವರಿಸುವಾಗ ಅವರ ಹೆಸರುಗಳನ್ನೇ ಹೇಳದೆ, ಅಲ್ಲಿನವರು ಮರ್ಕ್ಯುರಿಯನ್ನು ಹೆಚ್ಚಾಗಿ ಪೂಜಿಸುತ್ತಾರೆ ಎಂದು ಬರೆದ. ಹೀಗೆ ಪರರ ದೇವರನ್ನು ತಮ್ಮ ದೇವರ ಹೆಸರಿನಲ್ಲಿ ಅರ್ಥಮಾಡಿಕೊಳ್ಳುವ ಕ್ರಮವನ್ನು ಇತಿಹಾಸಕಾರ ಟ್ಯಾಸಿಟಸ್ 'ರೋಮನ್ ಅರ್ಥವಿವರಣೆ' ಎಂದು ಕರೆದಿದ್ದಾನೆ. ಗೆದ್ದವರ ಸೌಜನ್ಯವೂ ಅದರಲ್ಲಿತ್ತು, ಗೆದ್ದವರ ಅಧಿಕಾರವೂ ಇತ್ತು.

ಆದರೂ ಬಾತ್‌ನಲ್ಲಿ ಸ್ಥಳೀಯ ಹೆಸರು ಅಳಿಯಲಿಲ್ಲ. ಗಾಯಸ್ ಕಲ್ಪೂರ್ನಿಯಸ್ ರೆಸೆಪ್ಟಸ್ ಎಂಬ ಅಚ್ಚ ರೋಮನ್ ಹೆಸರಿನ ಪೂಜಾರಿ 75ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಹೆಂಡತಿ ನಿಲ್ಲಿಸಿದ ಗೋರಿಗಲ್ಲಿನಲ್ಲಿ ಆತ 'ಸುಲಿಸ್ ದೇವಿಯ ಪೂಜಾರಿ' ಎಂದಷ್ಟೇ ಇದೆ. ಅಲ್ಲಿ ಮಿನರ್ವಾಳ ಮಾತೇ ಇಲ್ಲ. ಸಾಮಾನ್ಯ ಜನರ ದನಿಯೂ ಸಿಕ್ಕಿದೆ. ಬುಗ್ಗೆಯ ತಳದಲ್ಲಿ ಸುಮಾರು 130 ಸೀಸದ ತಗಡುಗಳು ದೊರೆತಿವೆ. ಹೆಚ್ಚಿನವು 1979-80ರ ಉತ್ಖನನದಲ್ಲಿ ಸಿಕ್ಕವು. ಕಳ್ಳತನಕ್ಕೆ ಗುರಿಯಾದವರು ತಮ್ಮ ದೂರನ್ನು ತಗಡಿನಲ್ಲಿ ಬರೆದು, ದೇವಿಗೆ ಒಪ್ಪಿಸಿ ನೀರಿಗೆ ಹಾಕುತ್ತಿದ್ದರು. ಡೊಸಿಮೆಡಿಸ್ ಎಂಬಾತ ಕಳೆದುಕೊಂಡದ್ದು ಎರಡು ಕೈಗವಸು. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಆತ ಬೇಡಿಕೊಂಡಿದ್ದಾನೆ. ದೇವರ ಮುಂದೆ ಆಣೆ ಇಡುವ, ಹರಕೆ ಹೊರುವ ನಮ್ಮ ಹಳ್ಳಿಗರಿಗೆ ಇದು ವಿಚಿತ್ರವಾಗಿ ಕಾಣಲಾರದು.

ಇನ್ನು ಈ ಸೀಮೆಗೆ ಬರೋಣ. ಸವದತ್ತಿಯ ಗುಡ್ಡದ ದೇವತೆಗೂ ಎರಡು ಹೆಸರು. ಪುರಾಣದವರಿಗೆ ಆಕೆ ರೇಣುಕೆ. ಜಮದಗ್ನಿಯ ಪತ್ನಿ, ಪರಶುರಾಮನ ತಾಯಿ. ತಂದೆಯ ಮಾತಿನಂತೆ ಮಗ ಆಕೆಯ ತಲೆ ಕಡಿದ, ಅದೇ ಮಗ ಬೇಡಿದ ವರದಿಂದ ಆಕೆ ಮತ್ತೆ ಬದುಕಿದಳು ಎಂಬ ಕಥೆ ಮಹಾಭಾರತದಲ್ಲೇ ಇದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದ ರೈತರಿಗೆ ಮಾತ್ರ ಆಕೆ ಎಲ್ಲಮ್ಮ, ಏಳುಕೊಳ್ಳದ ಎಲ್ಲಮ್ಮ. ಜೋಗುಳಬಾವಿಯಲ್ಲಿ ಮಿಂದು, 'ಉಧೋ ಉಧೋ' ಎನ್ನುತ್ತ ಗುಡ್ಡ ಏರುವವರ ಬಾಯಲ್ಲಿ ಬರುವುದು ಆ ಹೆಸರೇ. ಮಲಪ್ರಭೆಯ ಜಲಾಶಯಕ್ಕೆ ರೇಣುಕಾಸಾಗರ ಎಂಬ ಹೆಸರು ಬಂತು. ಗುಡ್ಡ ಮಾತ್ರ ಜನರ ಬಾಯಲ್ಲಿ ಎಲ್ಲಮ್ಮನ ಗುಡ್ಡವಾಗಿಯೇ ಉಳಿಯಿತು.

ಇಬ್ಬರೂ ಹೇಗೆ ಒಂದಾದರು? ದಕ್ಷಿಣ ಭಾರತದ ಹಲವೆಡೆ ಹೇಳುವ ಒಂದು ಜಾನಪದ ಕಥೆಯಲ್ಲಿ ಇದಕ್ಕೆ ಸುಳಿವಿದೆ. ಪರಶುರಾಮ ಬೆನ್ನಟ್ಟಿದಾಗ ರೇಣುಕೆ ಅಸ್ಪೃಶ್ಯರ ಕೇರಿಗೆ ಓಡಿ, ಅಲ್ಲಿನ ಹೆಣ್ಣೊಬ್ಬಳನ್ನು ತಬ್ಬಿಕೊಂಡಳು. ಕೊಡಲಿಯ ಏಟಿಗೆ ಇಬ್ಬರ ತಲೆಯೂ ಉರುಳಿತು. ಮರಳಿ ಜೀವ ಬರುವಾಗ ತಲೆಗಳು ಅದಲುಬದಲಾದವು. ಒಬ್ಬಳ ರುಂಡ, ಇನ್ನೊಬ್ಬಳ ಮುಂಡ. ಋಷಿಯ ಆಶ್ರಮದ ದೇವತೆಯೂ ಕೇರಿಯ ದೇವತೆಯೂ ಒಂದೇ ಮೈಯಲ್ಲಿ ಬೆರೆತದ್ದನ್ನು ಜನ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರರು. ಆ ಬೆರಕೆ ನೋವಿಲ್ಲದೆ ಆಗಲಿಲ್ಲ ಎಂಬುದನ್ನೂ ಕಥೆ ಮುಚ್ಚಿಡುವುದಿಲ್ಲ.

ಎರಡೂ ಕಡೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ನಾಲ್ಕನೆಯ ಶತಮಾನದ ಕೊನೆಗೆ ರೋಮನ್ ಸಾಮ್ರಾಜ್ಯ ಹಳೆಯ ದೇವರುಗಳ ಪೂಜೆಯನ್ನು ನಿಷೇಧಿಸಿತು. ಬಳಿಕ ಸೈನ್ಯವೂ ಬ್ರಿಟನ್ನಿನಿಂದ ಹಿಂದಿರುಗಿತು. ಸುಲಿಸಳ ಗುಡಿ ಕುಸಿದು ಕೆಸರಿನಲ್ಲಿ ಹೂತುಹೋಯಿತು. ದೇವಿಯದೆಂದು ನಂಬಲಾದ, ಚಿನ್ನದ ಲೇಪವಿರುವ ಕಂಚಿನ ತಲೆ 1727ರಲ್ಲಿ ಚರಂಡಿ ತೋಡುವಾಗ ಸಿಕ್ಕಿತು. ಆಕೆಯ ಬಗ್ಗೆ ತಿಳಿದಿರುವುದೆಲ್ಲ ಕಲ್ಲು, ಕಂಚು, ಸೀಸಗಳು ಹೇಳಿದ್ದು. ಆಕೆಯ ಕುರಿತು ಕೆಲ್ಟ್ ಹೆಂಗಸರು ಏನು ಹಾಡುತ್ತಿದ್ದರು ಎಂಬುದು ಒಂದು ಸಾಲೂ ಉಳಿದಿಲ್ಲ. ಹಾಡುವ ನುಡಿಯೇ ಆ ನೆಲದಿಂದ ಹೋಯಿತು.

ಎಲ್ಲಮ್ಮನದು ಇದಕ್ಕೆ ತೀರ ಉಲ್ಟಾ. ಆಕೆ ಬದುಕಿರುವುದು ಚೌಡಿಕೆಯ ನಾದದಲ್ಲಿ, ಜೋಗತಿಯರ ಹಾಡಿನಲ್ಲಿ, ಹಡಲಗಿ ತುಂಬುವ ಮನೆಗಳಲ್ಲಿ. ಮೂಲ ಕಥೆ, ತಲೆ ಬದಲಾದ ಕಥೆ, ಕೇರಿಯ ಕಥೆ ಎಲ್ಲವೂ ಬಾಯಿಂದ ಬಾಯಿಗೆ ಬಂದವು. ಹಾಡಿದವರು ಗೌರವ ಪಡೆದದ್ದು ಅಪರೂಪ. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಅಂಥ ಅಪರೂಪದ ಸಂಗತಿ.

ಇಲ್ಲಿ ಒಂದು ಎಚ್ಚರವೂ ಬೇಕು. ಹಳೆಯದೆಲ್ಲ ಉಳಿಯಬೇಕೆಂದು ಯಾರೂ ಹೇಳಲಾರರು. ದೇವಿಯ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಎಷ್ಟೋ ಬಾಳುಗಳನ್ನು ಹಾಳುಮಾಡಿತು. 1982ರ ಕರ್ನಾಟಕದ ಕಾಯ್ದೆ ಅದನ್ನು ನಿಷೇಧಿಸಿದ್ದು ಸರಿಯಾಗಿಯೇ ಇದೆ. ಆದರೆ ಮುತ್ತು ಕಟ್ಟುವುದು ನಿಲ್ಲಬೇಕಾದರೆ ಹಾಡೂ ನಿಲ್ಲಬೇಕಿಲ್ಲ. ಆ ಹಾಡುಗಳಲ್ಲಿ ದೇವಿಯ ಸ್ತುತಿಯಷ್ಟೇ ಅಲ್ಲ, ಅದೇ ಹೆಣ್ಣುಮಕ್ಕಳ ದುಃಖದ ದಾಖಲೆಯೂ ಇದೆ.

ಚಂದ್ರಮೌಳೇಶ್ವರನಿಗೆ ಕಲ್ಲಿನ ಗೋಡೆ ಇದೆ, ಕಾನೂನಿನ ಕಾವಲೂ ಇದೆ. ಎಲ್ಲಮ್ಮನ ಕಥೆಗೆ ಇರುವುದು ವಯಸ್ಸಾದ ಕೆಲವು ಕಂಠಗಳು. ಪುರಾಣದ ರೇಣುಕೆ ಗ್ರಂಥದಲ್ಲಿ ಭದ್ರವಾಗಿದ್ದಾಳೆ, ಆಕೆಗೆ ಭಯವಿಲ್ಲ. ಕೇರಿಯ ಎಲ್ಲಮ್ಮನ ಹಾಡನ್ನು ಈ ತಲೆಮಾರಿನವರು ಕುಳಿತು ಕೇಳಿ, ಬರೆದು, ಧ್ವನಿಮುದ್ರಿಸಿಕೊಳ್ಳದಿದ್ದರೆ, ಮುಂದಿನವರು ಆಕೆಯನ್ನು ನೆಲ ಅಗೆದು ಹುಡುಕಿದರೂ ಸಿಕ್ಕಲಾರಳು. ಏಕೆಂದರೆ ಆಕೆಯ ಭಕ್ತರು ಸೀಸದ ತಗಡಿನಲ್ಲಿ ಏನನ್ನೂ ಬರೆದಿಡಲಿಲ್ಲ.