ಹೊಯ್ಸಳರ ಅವನತಿಯನ್ನು ಕಲಿಸುವ ಬಗೆ



‘ಹೊಯ್ಸಳ ರಾಜ್ಯದ ಪತನಕ್ಕೆ ಕಾರಣವೇನು?’ ಎಂಬ ಪ್ರಶ್ನೆಗೆ ನಮ್ಮ ಮಕ್ಕಳು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಉತ್ತರಿಸುತ್ತಾರೆ: ‘ಮಲಿಕ್ ಕಾಫೂರನ ದಾಳಿ’. ಆದರೆ ಆ ದಾಳಿ ನಡೆದುದು 1311ರಲ್ಲಿ. ಅನಂತರವೂ ಮೂರನೆಯ ವೀರಬಲ್ಲಾಳನು ಮೂವತ್ತು ವರ್ಷಗಳಿಗೂ ಮಿಗಿಲಾಗಿ ರಾಜ್ಯವಾಳಿದನು. ಹಾಗಾದರೆ ದಾಳಿಯೊಂದೇ ಕಾರಣವೆನ್ನಬಹುದೇ? ಪಾಠವು ಈ ಪ್ರಶ್ನೆಯಿಂದಲೇ ಆರಂಭವಾಗಲಿ.

ಉತ್ತರವನ್ನು ಅರಸಲು ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು. ಅರಸನಾದ ಸೋಮೇಶ್ವರನು ತಮಿಳುನಾಡಿನ ರಾಜಕೀಯದಲ್ಲಿ ತೊಡಗಿ, ತಿರುಚಿರಾಪಳ್ಳಿಯ ಸಮೀಪದ ಕಣ್ಣನೂರಿನಲ್ಲಿ ನೆಲೆಸಿದನು. 1254ರ ಸುಮಾರಿಗೆ ರಾಜ್ಯವು ಅವನ ಇಬ್ಬರು ಮಕ್ಕಳಲ್ಲಿ ಹಂಚಿಹೋಯಿತು. ದೋರಸಮುದ್ರವು ಮೂರನೆಯ ನರಸಿಂಹನಿಗೂ ದಕ್ಷಿಣದ ಭಾಗವು ರಾಮನಾಥನಿಗೂ ಸಂದಿತು. ಪಾಂಡ್ಯರ ಒತ್ತಡದಿಂದ ಕಣ್ಣನೂರನ್ನು ಕಳೆದುಕೊಂಡ ರಾಮನಾಥನು ಇಂದಿನ ಕೃಷ್ಣಗಿರಿ ಜಿಲ್ಲೆಯ ಕುಂದಾಣಿಯನ್ನು ನೆಲೆಯಾಗಿಸಿಕೊಂಡು ಸೋದರನೊಡನೆಯೇ ಕಾದಾಡಿದನು. ಉತ್ತರದಲ್ಲಿ ಸೇವುಣರ ಸೈನ್ಯವು 1276ರಲ್ಲಿ ದೋರಸಮುದ್ರದ ಸಮೀಪದ ಬೆಳವಾಡಿಯವರೆಗೂ ಬಂದಿತ್ತು. ಮೂರನೆಯ ಬಲ್ಲಾಳನು ಒಡೆದ ರಾಜ್ಯವನ್ನು ಮತ್ತೆ ಒಂದುಗೂಡಿಸಿದನಾದರೂ ನೆರೆಯವರೊಡನೆ ಬೆಳೆದಿದ್ದ ಹಗೆ ಅಳಿಯಲಿಲ್ಲ.

1311ರ ಘಟನೆಗಳನ್ನು ಈ ಹಿನ್ನೆಲೆಯಲ್ಲಿ ಓದಿಸಬೇಕು. ಪಾಂಡ್ಯ ಸೋದರರು ಸಿಂಹಾಸನಕ್ಕಾಗಿ ಕಾದಾಡುತ್ತಿದ್ದಾಗ, ಅದರ ಲಾಭ ಪಡೆಯಲು ಬಲ್ಲಾಳನು ದಕ್ಷಿಣಕ್ಕೆ ದಂಡೆತ್ತಿ ಹೋಗಿದ್ದನು. ಅದೇ ವೇಳೆಗೆ ದೆಹಲಿಯ ಸೈನ್ಯ ದೋರಸಮುದ್ರವನ್ನು ಸಮೀಪಿಸಿತು. ಅದಾಗಲೇ ದೆಹಲಿಗೆ ಅಧೀನನಾಗಿದ್ದ ದೇವಗಿರಿಯ ಸೇವುಣ ರಾಮಚಂದ್ರನು ಆ ಸೈನ್ಯಕ್ಕೆ ನೆರವು ನೀಡಿದನು. ಸೋತ ಬಲ್ಲಾಳನು ಪಾಂಡ್ಯನಾಡಿನ ದಾರಿಯನ್ನು ತಾನೇ ತೋರಬೇಕಾಯಿತು. ನೆರೆಯವನ ಸಂಕಟದಲ್ಲಿ ಲಾಭವನ್ನು ಕಂಡವರು ಒಬ್ಬರಾದ ಮೇಲೊಬ್ಬರಂತೆ ಅದೇ ಸಂಕಟಕ್ಕೆ ಸಿಲುಕಿದರು.

1327ರ ಹೊತ್ತಿಗೆ ದೋರಸಮುದ್ರದ ಮೇಲೆ ಮತ್ತೆ ದಾಳಿ ನಡೆಯಿತು. ಬಲ್ಲಾಳನು ತಿರುವಣ್ಣಾಮಲೆಯನ್ನು ನೆಲೆಯಾಗಿಸಿಕೊಂಡು ಮದುರೆಯ ಸುಲ್ತಾನರೊಡನೆ ಹೋರಾಟವನ್ನು ಮುಂದುವರಿಸಿದನು. ಕಣ್ಣನೂರಿನ ಕೋಟೆಯನ್ನು ಮುತ್ತಿ, ಒಳಗಿದ್ದವರಿಗೆ ಸಂಧಾನದ ಗಡುವು ಕೊಟ್ಟಿದ್ದಾಗ ಸುಲ್ತಾನ ಘಿಯಾಸುದ್ದೀನನು ಅನಿರೀಕ್ಷಿತವಾಗಿ ಮೇಲೆ ಬಿದ್ದನು. ವೃದ್ಧ ಅರಸನು ಸೆರೆಸಿಕ್ಕಿ ಕೊಲ್ಲಲ್ಪಟ್ಟನು. ಇದು 1342-43ರ ಸಂಗತಿ. ಅವನ ದೇಹದ ಚರ್ಮವನ್ನು ಮದುರೆಯ ಕೋಟೆಗೋಡೆಗೆ ತೂಗುಹಾಕಿದ್ದುದನ್ನು ಕಂಡೆನೆಂದು ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ.

ಇಲ್ಲಿ ಶಿಕ್ಷಕರ ಹೊಣೆ ಹಿರಿದು. ಈ ಕ್ರೌರ್ಯವನ್ನು ಮರೆಮಾಚಬೇಕಿಲ್ಲ. ಆದರೆ ಅದೇ ಗ್ರಂಥದ ಉಳಿದ ಮಾತುಗಳನ್ನೂ ಮಕ್ಕಳಿಗೆ ತಿಳಿಸಬೇಕು. ಬಲ್ಲಾಳನ ಪಡೆಯಲ್ಲಿ ಇಪ್ಪತ್ತು ಸಾವಿರ ಮುಸಲ್ಮಾನ ಯೋಧರಿದ್ದರೆಂದು ಇಬ್ನ್ ಬತೂತ ಹೇಳುತ್ತಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು, ಅಂಥವರು ಇದ್ದರೆಂಬುದು ಗಮನಾರ್ಹ. ಆ ಸುಲ್ತಾನನು ತನ್ನ ಪತ್ನಿಯ ಕಡೆಯ ಬಂಧುವಾಗಿದ್ದರೂ, ಹೆಂಗಸರು ಮಕ್ಕಳ ಮೇಲೆ ಅವನು ನಡೆಸಿದ ಹಿಂಸೆಯನ್ನು ಇಬ್ನ್ ಬತೂತ ಖಂಡಿಸಿದ್ದಾನೆ. ಎರಡೂ ಸಮುದಾಯಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುವ ತರಗತಿಯಲ್ಲಿ ಇಷ್ಟನ್ನೂ ಹೇಳದೆ ಮೊದಲ ಸಂಗತಿಯೊಂದನ್ನೇ ಹೇಳಿದರೆ, ನಾವು ಇತಿಹಾಸವನ್ನಲ್ಲ, ದ್ವೇಷವನ್ನು ಕಲಿಸಿದಂತಾಗುತ್ತದೆ.

ಬಲ್ಲಾಳನ ಮಗನ ಆಳ್ವಿಕೆ ಕೆಲವೇ ವರ್ಷಗಳದು. 1346ರಲ್ಲಿ ಹರಿಹರ ಮತ್ತು ಅವನ ಸೋದರರು ಶೃಂಗೇರಿಯಲ್ಲಿ ವಿಜಯೋತ್ಸವ ಆಚರಿಸುವ ವೇಳೆಗೆ ಹೊಯ್ಸಳರ ಹೆಸರು ಮರೆಯಾಗಿತ್ತು. ಆದರೆ ಕೆರೆಗಳಿಗೆ ನೀರು ಬರುವುದು ನಿಲ್ಲಲಿಲ್ಲ. ಕನ್ನಡ ಶಾಸನಗಳ ಬರವಣಿಗೆಯೂ ನಿಲ್ಲಲಿಲ್ಲ. ಅರಸುಮನೆತನ ಅಳಿದರೂ ಜನರೂ ನುಡಿಯೂ ಉಳಿದವು. ಗಡಿಯಾಚೆ ಕನ್ನಡ ಕಲಿಯುವ ಮಗುವಿಗೆ ಈ ಸತ್ಯ ಮುಖ್ಯ. ಕನ್ನಡದ ಚರಿತ್ರೆ ಎಲ್ಲೋ ದೂರದ್ದೆಂದು ಹೊಸೂರಿನ ವಿದ್ಯಾರ್ಥಿ ಭಾವಿಸಬೇಕಿಲ್ಲ. ಕುಂದಾಣಿ ಅವನ ನೆರೆಯಲ್ಲೇ ಇದೆ.

ಕೊನೆಯದಾಗಿ ಒಂದು ಅಭ್ಯಾಸ. ದೋರಸಮುದ್ರ, ಕಣ್ಣನೂರು, ಕುಂದಾಣಿ, ದೇವಗಿರಿ, ಮದುರೆಗಳನ್ನು ನಕ್ಷೆಯಲ್ಲಿ ಗುರುತಿಸಲು ಹೇಳಿ. 1254ರಿಂದ 1346ರವರೆಗಿನ ಒಂದೊಂದು ಘಟನೆಯ ಮುಂದೆಯೂ ‘ಯಾರು ಬೇರೇನು ಮಾಡಬಹುದಿತ್ತು?’ ಎಂದು ಬರೆಯಿಸಿ. ಬಳಿಕ ಮೊದಲ ಪ್ರಶ್ನೆಯನ್ನೇ ಮತ್ತೆ ಕೇಳಿ. ಮಕ್ಕಳು ಒಂದು ಸಾಲಿಗೆ ಬದಲಾಗಿ ಒಂದು ಪುಟ ಬರೆದರೆ ಪಾಠ ಸಾರ್ಥಕವಾದಂತೆ.