ಯಾವ ಔಷಧಿ?



ನಾನಿನ್ನೂ ಫಾರ್ಮಸಿ ಕಲಿಯುತ್ತಿರುವವಳು. ವಿಷಪ್ರಾಶನದ ಪಾಠದಲ್ಲಿ ನನಗೆ ಮೊದಲು ಹೇಳಿಕೊಟ್ಟದ್ದು ಮದ್ದಿನ ಹೆಸರಲ್ಲ, ಮೂರು ಪ್ರಶ್ನೆ: ಯಾವುದು, ಎಷ್ಟು, ಯಾವಾಗ? ನಮ್ಮ ಕುಪ್ಪಗಡ್ಡೆ ಕಡೆ ಜ್ವರದ ಮಾತ್ರೆಯೂ ಔಷಧಿಯೇ, ಗದ್ದೆಗೆ ಹೊಡೆಯುವುದೂ ಔಷಧಿಯೇ. 'ಔಷಧಿ ಕುಡಿದಿದ್ದಾರೆ' ಎಂದಷ್ಟೇ ಹೇಳಿದರೆ ವೈದ್ಯರಿಗೆ ದಾರಿ ಕಾಣದು. ಆದ್ದರಿಂದ ಬಾಟಲಿ, ಚೀಟಿ, ಮಾತ್ರೆಯ ಖಾಲಿ ಪಟ್ಟಿ ಏನಿದ್ದರೂ ಜೊತೆಗೆ ತನ್ನಿ.

ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಮೈಗೇರಿದರೆ ಬೆವರು, ಜೊಲ್ಲು, ಉಸಿರಾಟದ ತೊಂದರೆ ಕಾಣುತ್ತವೆ. ಕಣ್ಣಿನ ಪಾಪೆ ಕಿರಿದಾಗುತ್ತದೆ. ಅದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಇದೆ. ಈ ವಿಷ ಚರ್ಮದಿಂದಲೂ ಒಳಸೇರುತ್ತದೆ. ಬಟ್ಟೆ ತೆಗೆದು ಮೈಯನ್ನು ಸೋಪು ನೀರಿನಲ್ಲಿ ತೊಳೆಯಿರಿ. ತೊಳೆಯುವವರು ಕೈಗೆ ಗವಸು ಹಾಕಿಕೊಳ್ಳಲಿ.

ಪ್ಯಾರಾಸಿಟಮಾಲ್ ಮಿತಿಮೀರಿದರೆ ಮೊದಲ ದಿನ ರೋಗಿ ಚೆನ್ನಾಗಿಯೇ ಇರಬಹುದು. ಎರಡು ಮೂರು ದಿನಗಳಲ್ಲಿ ಯಕೃತ್ತು ಕೆಡುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ. 8 ಗಂಟೆಯೊಳಗೆ ಸಿಕ್ಕರೆ ಅದು ಹೆಚ್ಚು ಪರಿಣಾಮಕಾರಿ. 'ಏನೂ ಆಗಿಲ್ಲವಲ್ಲ' ಎಂದು ಮನೆಯಲ್ಲಿ ಕಾಯಬೇಡಿ. ನೆಗಡಿಯ ಮಾತ್ರೆಗಳಲ್ಲೂ ಇದೇ ಔಷಧಿ ಇರುವುದುಂಟು. ಎರಡನ್ನೂ ಸೇರಿಸಿ ನುಂಗುವ ಮುನ್ನ ಕೇಳಿ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸೀಮೆಎಣ್ಣೆಯಾದರೆ ವಾಂತಿಯ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರಜ್ಞೆ ತಪ್ಪಿದವರನ್ನು ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117.

ಇನ್ನೊಂದು ಮಾತು. ಬೇಕೆಂದೇ ಕುಡಿದವರ ಮನೆಯವರು ಕೇಸಿಗೆ ಹೆದರಿ, 'ನೀರೆಂದು ತಿಳಿದು ಕುಡಿದರು' ಎನ್ನುತ್ತಾರೆ. ಕುಡಿದ ಹೊತ್ತನ್ನೂ ಮರೆಮಾಚುತ್ತಾರೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ಕ್ರಮ, ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಶಿಕ್ಷಿಸಬಾರದೆನ್ನುತ್ತದೆ. ಮುಚ್ಚಿಟ್ಟ ಸತ್ಯದಿಂದ ಚಿಕಿತ್ಸೆ ತಡವಾಗುತ್ತದೆ, ಅಷ್ಟೇ. ಮನೆಗೆ ಮರಳಿದ ಮೇಲೆ ಅವರನ್ನು ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. ಮನಸ್ಸಿನ ಭಾರ ಹೇಳಿಕೊಳ್ಳಲು ಟೆಲಿ ಮಾನಸ್ 14416 ಹಗಲು ರಾತ್ರಿ ಇದೆ.

ಇಂದು ಮನೆಗೆ ಹೋದ ಕೂಡಲೇ ಒಂದು ಕೆಲಸ ಮಾಡಿ. ತೋಟದ ಔಷಧಿಯನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಟ್ಟಿದ್ದರೆ ಇನ್ನು ಮುಂದೆ ಹಾಗೆ ಇಡಬೇಡಿ. ಅದು ಸದಾ ತನ್ನ ಡಬ್ಬಿಯಲ್ಲೇ, ಚೀಟಿ ಸಮೇತ, ಬೀಗದೊಳಗಿರಲಿ. ಮಗುವಿಗೆ ಬಾಟಲಿ ಕಂಡರೆ ನೀರೆಂದೇ ಅರ್ಥ.