ಸೋಪಿನ ಬೆಲೆ: ಅಂಗಡಿಯಲ್ಲೆಷ್ಟು, ಫೋನಿನಲ್ಲೆಷ್ಟು?

(ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಬಟವಾಡೆಯಾದ ದಿನ ಸೋಪು, ಪೇಸ್ಟು, ಕೊಬ್ಬರಿ ಎಣ್ಣೆ ಕೊಳ್ಳುವವರು ಇಲ್ಲಿದ್ದೀರಿ. ಅವನ್ನೇ ಮಾರಿ ಸಂಸಾರ ನಡೆಸುವವರೂ ಇದ್ದೀರಿ. ಈಚೆಗೆ ನಿಮ್ಮಿಬ್ಬರ ನಡುವೆ ಮನಸ್ತಾಪ ಬೆಳೆದಿದೆ. "ಅದೇ ಪೇಸ್ಟು ಫೋನಿನಲ್ಲಿ ಹತ್ತು ರೂಪಾಯಿ ಕಡಿಮೆ, ಸಾಹುಕಾರರು ನಮ್ಮನ್ನು ಸುಲಿಯುತ್ತಾರೆ" ಎಂದು ಕಾರ್ಮಿಕರ ದೂರು. "ರೊಕ್ಕವಿದ್ದಾಗ ಆನ್‌ಲೈನ್, ಉದ್ರಿಗೆ ನಮ್ಮ ಅಂಗಡಿ" ಎಂದು ವರ್ತಕರ ದೂರು. ಎರಡರಲ್ಲೂ ನಿಜವುಂಟು. ಆದರೆ ಲೆಕ್ಕ ಹಾಕದೆ ಜಗಳಕ್ಕೆ ನಿಲ್ಲುವುದು ತರವಲ್ಲ.

ಅಂಗಡಿಯಲ್ಲಿ 100 ಗ್ರಾಂ ಸೋಪಿಗೆ 38 ರೂಪಾಯಿ ಎಂದಿಟ್ಟುಕೊಳ್ಳೋಣ. ಫೋನಿನಲ್ಲಿ 125 ಗ್ರಾಂನ ನಾಲ್ಕು ಸೋಪಿನ ಕಟ್ಟು 160 ರೂಪಾಯಿ. 100 ಗ್ರಾಂಗೆ 32 ಬಿತ್ತು. ಆರು ರೂಪಾಯಿ ಉಳಿಯಿತು. ಮನೆಗೆ ತಂದುಕೊಡುವ ಕೂಲಿ 30 ರೂಪಾಯಿ ಸೇರಿಸಿರಿ. 190 ಆಯಿತು, 100 ಗ್ರಾಂಗೆ ಮತ್ತೆ ಅದೇ 38! ಕೂಲಿ ಬೇಡವೆಂದರೆ ಇಂತಿಷ್ಟು ರೂಪಾಯಿಯ ಮಾಲು ಕೊಳ್ಳಲೇಬೇಕೆಂಬ ಕಟ್ಟಳೆ. ಬೇಡದ ಸಾಮಾನೂ ಮನೆಗೆ ಬರುತ್ತದೆ. ತಿಂಗಳ ಕೊನೆಗೆ ಒಂದು ರೂಪಾಯಿಯ ಶಾಂಪೂ ಪ್ಯಾಕೆಟ್ ಒಂದನ್ನೇ ಕೊಡುವವರು ಬೀದಿಯ ಅಂಗಡಿಯವರೇ ಅಲ್ಲವೆ?

ಪ್ಯಾಕೆಟ್ಟಿನ ಮೇಲೆ ಗ್ರಾಂ ಲೆಕ್ಕದ ಬೆಲೆ ಮುದ್ರಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿರಿ. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್ ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗಳ ಜಿ.ಎಸ್.ಟಿ. ಶೇಕಡಾ 18ರಿಂದ 5ಕ್ಕೆ ಇಳಿಯಿತು. ಆ ಲೆಕ್ಕಕ್ಕೆ 100 ರೂಪಾಯಿಯ ಮಾಲು ಸುಮಾರು 89ಕ್ಕೆ ಬರಬೇಕು. ಬೆಲೆಯನ್ನು ಹಾಗೇ ಬಿಟ್ಟು ತೂಕ ಹೆಚ್ಚಿಸಿದ್ದೇವೆ ಎಂದರೆ ಹಳೆಯ ಪ್ಯಾಕೆಟ್ಟನ್ನು ಪಕ್ಕದಲ್ಲಿಟ್ಟು ನೋಡಿರಿ.

ಇಷ್ಟೆಲ್ಲ ಕೂಡಿ ಕಳೆದ ಮೇಲೂ ಎಷ್ಟೋ ಸಲ ಫೋನಿನ ಬೆಲೆಯೇ ಕಡಿಮೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಆ ಹತ್ತು ರೂಪಾಯಿ ವರ್ತಕನ ಜೇಬಿಗೆ ಹೋಯಿತೆ? ಅವನಿಗೆ ಏಜೆನ್ಸಿಯವರು ಹಾಕುವ ದರವನ್ನು ಕೇಳಿರಿ. ಕೆಲವು ಮಾಲಿಗೆ ಆ ದರವೇ ಆನ್‌ಲೈನ್ ಚಿಲ್ಲರೆ ಬೆಲೆಗಿಂತ ಮೇಲಿರುತ್ತದೆ! ಒಂದೇ ಕಾರ್ಖಾನೆಯ ಮಾಲು, ದೊಡ್ಡ ಬಂಡವಳಿಗನಿಗೆ ಒಂದು ದರ, ಚಿಕ್ಕವನಿಗೆ ಇನ್ನೊಂದು. ಏಜೆನ್ಸಿಯವರೂ ಇದರಿಂದ ನೊಂದವರೇ. ಇದೇ ತಾರತಮ್ಯವನ್ನು ಪ್ರತಿಭಟಿಸಿ 2022ರ ಜನವರಿಯಲ್ಲಿ ಮಹಾರಾಷ್ಟ್ರದ ವಿತರಕರು ದೊಡ್ಡ ಕಂಪೆನಿಗಳ ಕೆಲವು ಮಾಲನ್ನು ಅಂಗಡಿಗಳಿಗೆ ಹಾಕುವುದನ್ನೇ ನಿಲ್ಲಿಸಿದರು.

ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆಗಳು ಮಾಲಿನ ಬೆಲೆಯ ಮೇಲೆ ಪ್ರಭಾವ ಬೀರಕೂಡದೆಂಬ ಸರ್ಕಾರದ ನಿಯಮ 2019ರ ಫೆಬ್ರವರಿಯಿಂದ ಇದೆ. ದೆಹಲಿಯ ವ್ಯಾಪಾರಿಗಳು ದೂರು ಕೊಟ್ಟ ಮೇಲೆ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್‌ಗಳ ಮೇಲೆ ತನಿಖೆಗೆ ಅಪ್ಪಣೆ ಮಾಡಿತು. ಕಂಪೆನಿಗಳು ಕೋರ್ಟಿಗೆ ಹೋದವು. ತನಿಖೆ ವರ್ಷಗಟ್ಟಲೆ ಎಳೆಯಿತು. ಅಷ್ಟು ದಿನ ಬಾಡಿಗೆ ಕಟ್ಟಿಕೊಂಡು ಕಾಯಬೇಕಾದವನು ಬೀದಿಯ ಅಂಗಡಿಯವನು.

ಕಾರ್ಮಿಕರಿಗೆ ದುಬಾರಿ ಬೆಲೆಗೆ ಕೊಳ್ಳಿರೆಂದು ನಾವು ಹೇಳಲಾರೆವು. ಅವರ ಕೂಲಿಯೂ ಬೆವರಿನದೇ. ವರ್ತಕರೇ, ನಿಮಗೂ ಒಂದು ಮಾತು: ಹತ್ತು ಅಂಗಡಿಯವರು ಕೂಡಿ ಒಟ್ಟಿಗೆ ಮಾಲು ತರಿಸಿದರೆ ದರ ಕೇಳುವ ಬಲ ಬರುತ್ತದೆ. ಪಕ್ಕದಂಗಡಿಯವನನ್ನೇ ಶತ್ರುವೆಂದು ತಿಳಿದು ಇಷ್ಟು ವರ್ಷ ಕಳೆದಿರಿ.

ಬರುವ ಭಾನುವಾರ ವರ್ತಕರು ಏಜೆನ್ಸಿಯ ಬಿಲ್ಲುಗಳನ್ನು ತರಲಿ, ಕಾರ್ಮಿಕರು ಫೋನಿನಲ್ಲಿ ಕೊಂಡ ಮಾಲಿನ ಬಿಲ್ಲುಗಳನ್ನು ತರಲಿ. ಎರಡನ್ನೂ ಈ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡೋಣ.